ಜಕ್ಕವ್ವನ ಕೊಸರು

ಹೊಳೆದಂಡೆಯ ಆ ಪಟ್ಟಣಕ್ಕೆ ದೊಡ್ಡ ಗಂಡಾಂತರ ಒದಗಿತು. ಸಂತೆಯಲ್ಲಿ ಒಂದು ಹಿಡಿ ಹುರುಳಿ ಹೆಚ್ಚಾಗಿತ್ತು.

ಸಂತೆಯ ಯಜಮಾನ ಬಮ್ಮಿಸೆಟ್ಟಿ ಕುಡಿಯುತ್ತಿದ್ದ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ವರ್ತಕರ ಸಭೆ ಸೇರಿತು. ಡಂಗುರದವನಿಗೆ ಹೇಳಿ ಕಳಿಸಿದರು.

ಅಳೆದು ಮುಗಿದ ಮೇಲೆ ಮಾರುವವರು ಇನ್ನೊಂದು ಹಿಡಿ ಹಾಕುವುದು ಅಲ್ಲಿಯ ವಾಡಿಕೆ. ಅದೇ ಕೊಸರು. ಆ ತಿಂಗಳು ಸಭೆ ಅದನ್ನು ನಿಷೇಧಿಸಿತ್ತು. ಕೊಸರು ಕೊಟ್ಟವರಿಗೆ ಸಂತೆಯಲ್ಲಿ ಜಾಗವಿಲ್ಲ. ಕೊಸರು ಹಾಕದ ದೊಡ್ಡ ಅಂಗಡಿಗಳ ಮುಂದೆ ಜನ ಕಡಿಮೆಯಾಗಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಸಭೆಯೇ ತಿಳಿಸಿತ್ತು.

ಹುರುಳಿ ಮಾರುವ ಜಕ್ಕವ್ವ ಮರೆತು ಹಾಕಿಬಿಟ್ಟಳು. ಹಾಕಿದ್ದು ಆಶ್ರಮದ ಶಿಷ್ಯ ಕೇತಯ್ಯನ ಚೀಲಕ್ಕೆ.

ಕೇತಯ್ಯ ಆ ಹಿಡಿಯನ್ನು ವಾಪಸ್ ಸುರಿದ. ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ:

"ಅವ್ವಾ, ನನ್ನದಲ್ಲದ್ದು ನನಗೆ ಬೇಡ."

ಆ ನಾಲ್ವರಲ್ಲಿ ಒಬ್ಬ ಸಂತೆಯ ಕಾವಲುಗಾರ.

ಆಶ್ರಮಕ್ಕೆ ಬಂದು ಕೇತಯ್ಯ ಗುರು ನಾಗಾರ್ಯರಿಗೆ ಎಲ್ಲವನ್ನೂ ಹೇಳಿದ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ನಾಗಾರ್ಯರು ಹಗ್ಗ ಹೊಸೆಯುತ್ತಿದ್ದರು.

"ಜಕ್ಕವ್ವನಿಗೆ ಏನು ಹೇಳಿದರು?"

"ಸಂಜೆಯೊಳಗೆ ಜಾಗ ಬಿಡಬೇಕಂತೆ, ಗುರುಗಳೇ."

"ಅವಳಿಗೆ ಬೇರೆ ಸಂತೆ ಇದೆಯಾ?"

"ಇಲ್ಲ. ಇಲ್ಲಿಗೇ ಎರಡು ಹರದಾರಿ ನಡೆದು ಬರ್ತಾಳೆ."

"ಅಂದರೆ ನೀನು ಒಂದು ಹಿಡಿ ಹುರುಳಿ ಬಿಟ್ಟೆ, ಅವಳು ಊಟ ಬಿಡಬೇಕು."

ಕೇತಯ್ಯ ಕೈಯಲ್ಲಿದ್ದ ಚೀಲ ನೋಡಿಕೊಂಡ.

"ಹಗ್ಗ ಎತ್ತಿಕೋ," ಎಂದರು ನಾಗಾರ್ಯರು.

ಸಂತೆಯಲ್ಲಿ ಜಕ್ಕವ್ವ ಗಂಟು ಕಟ್ಟುತ್ತಿದ್ದಳು. ನಾಗಾರ್ಯರು ಅವಳ ಪಕ್ಕದಲ್ಲೇ ಬಟ್ಟೆ ಹಾಸಿ ಕೂತರು. ಬಂದವರಿಗೆ ಹಗ್ಗ ಅಳೆದು ಕೊಡತೊಡಗಿದರು.

"ಹತ್ತು ಮೊಳ. ಮೇಲೊಂದು ಮೊಳ ಕೊಸರು."

ಕಾವಲುಗಾರ ಬಗ್ಗಿ ಪಿಸುಗುಟ್ಟಿದ: "ಸ್ವಾಮೀ, ಮೆಲ್ಲಗೆ. ಸೆಟ್ಟರಿಗೆ ಕೇಳುತ್ತೆ."

"ಕೇಳಲಿ ಅಂತಲೇ ಕೂಗ್ತಿದ್ದೀನಿ. ನಿನಗೆಷ್ಟು ಮೊಳ?"

ಕೇತಯ್ಯ ಜಕ್ಕವ್ವನ ಮುಂದೆ ಚೀಲ ಬಿಚ್ಚಿದ.

"ಅವ್ವಾ, ಒಂದು ಬಳ್ಳ ಹುರುಳಿ. ಕೊಸರು ಹಾಕು."

"ಬೆಳಿಗ್ಗೆ ಬೇಡ ಅಂದೆಯಲ್ಲಪ್ಪಾ, ಮಹಾತ್ಮ?"

"ತಪ್ಪಾಯ್ತು. ಹಾಕು."

ಅವಳು ಕಾವಲುಗಾರನನ್ನೇ ನೋಡುತ್ತ ಎರಡು ಹಿಡಿ ಹಾಕಿದಳು.

ಬಮ್ಮಿಸೆಟ್ಟಿ ಬಂದ.

"ಅಳತೆ ಎಲ್ಲರಿಗೂ ಒಂದೇ ಇರಬೇಕು, ಗುರುಗಳೇ. ಅದು ಧರ್ಮ."

"ಇರಲಿ. ಅಳೆಯೋ ಬಳ್ಳ ನಿಮ್ಮ ಸಭೆಯದು, ಅದರ ಮೇಲೆ ನಿಮ್ಮ ಮುದ್ರೆ ಇದೆ. ಬಳ್ಳ ತುಂಬಿದ ಮೇಲೆ ಹಾಕೋ ಹಿಡಿ ಅವಳದು. ಅವಳ ಕೈಗೂ ಮುದ್ರೆ ಒತ್ತಿದ್ದೀರಾ?"

"ಹಾಗಾದರೆ ನೀವೂ ಸಂತೆಯ ಗಡಿಕಲ್ಲಿನ ಆಚೆ ಹೋಗಬೇಕಾಗುತ್ತೆ."

"ಹೋಗ್ತೀವಿ."

ನಾಗಾರ್ಯರು ಎದ್ದು ಬಟ್ಟೆ ಕೊಡವಿದರು. ಜಕ್ಕವ್ವ ಗಂಟು ಹೊತ್ತಳು.

ಉಪ್ಪು ಮಾರುವವಳು ಎದುರಿಗಿದ್ದ ಗಿರಾಕಿಗೆ ಒಂದು ಹಿಡಿ ಹೆಚ್ಚು ಹಾಕಿ, ಸೆಟ್ಟಿಯ ಮುಖ ನೋಡಿ, ತನ್ನ ಚೀಲವನ್ನೂ ಎತ್ತಿದಳು. ಆಮೇಲೆ ಎಣ್ಣೆಯವನು. ಆಮೇಲೆ ಬೆಲ್ಲದವರು ಮೂವರು. ಗಿರಾಕಿಗಳು ಚೌಕಾಸಿ ನಿಲ್ಲಿಸದೆ ಅವರ ಹಿಂದೆಯೇ ನಡೆದರು.

ಮುಂದಿನ ವಾರ ಸಂತೆ ಗಡಿಕಲ್ಲಿನ ಆಚೆ, ಹೊಳೆಯ ಮರಳಿನ ಮೇಲೆ ಸೇರಿತು. ಸಭೆಯ ಅಪ್ಪಣೆ ಜಾರಿಯಲ್ಲೇ ಇತ್ತು, ಗಡಿಕಲ್ಲಿನ ಈಚೆ.

ಮಧ್ಯಾಹ್ನದ ಹೊತ್ತಿಗೆ ಬಮ್ಮಿಸೆಟ್ಟಿಯೂ ಚೀಲ ಹಿಡಿದು ಬಂದು ಜಕ್ಕವ್ವನ ಮುಂದೆ ನಿಂತ. ಅವಳು ಬಳ್ಳ ತುಂಬಿ ಸುರಿದಳು. ಸೆಟ್ಟಿ ಚೀಲದ ಬಾಯಿ ಮುಚ್ಚಲಿಲ್ಲ.

ಕೇತಯ್ಯ ಗುರುಗಳ ಕಿವಿಯಲ್ಲಿ ಕೇಳಿದ: "ಸೆಟ್ಟರಿಗೂ ಒಂದು ಹಿಡಿ ಹಾಕು ಅಂತ ಅವಳಿಗೆ ಹೇಳಲಾ? ಕ್ಷಮೆ ದೊಡ್ಡದಲ್ಲವೇ?"

"ಹುರುಳಿ ಅವಳದು," ಎಂದರು ನಾಗಾರ್ಯರು. "ನೀನು ಹಗ್ಗ ಸುತ್ತು."