ಕೇಬಲ್ ಬಿಟ್ಟ ದಾರಿ

ಕಣ್ಣು ಕಾಣದ ಮಕ್ಕಳಿಗಾಗಿ ಟೀಚರೊಬ್ಬರು ಓದಿ ರೆಕಾರ್ಡ್ ಮಾಡಿದ್ದ ಪಾಠಗಳನ್ನು ಶಾಲೆಯ ಕಂಪ್ಯೂಟರ್ ತುಣುಕು ತುಣುಕಾಗಿ ಬೇರೆ ಶಾಲೆಗಳ ಕಂಪ್ಯೂಟರುಗಳಿಗೆ ಹಂಚುತ್ತಿತ್ತು. ಒಂದು ದಿನ ಇಂಟರ್ನೆಟ್ ಕೇಬಲ್ ಅದನ್ನು ತಡೆಯಿತು.

"ಹೀಗೆ ತುಣುಕು ಹಂಚುವವರೆಲ್ಲ ಕಳ್ಳರೆಂದು ನಿನ್ನ ಸಾಫ್ಟ್‌ವೇರ್ ಕಂಪನಿಯವರು ಹೇಳಿದ್ದಾರೆ. ನಿನಗೆ ದಾರಿಯಿಲ್ಲ."

"ಇದು ನಮ್ಮ ಟೀಚರ್ ದನಿ. ಹಂಚು ಅಂತ ಅವರೇ ಕೊಟ್ಟಿದ್ದು. ತೆರೆದು ನೋಡು!"

"ಒಳಗೇನಿದೆ ಅಂತ ನಾನು ನೋಡುವುದಿಲ್ಲ."

ಮರುದಿನ ಅದೇ ಕಂಪನಿಯ ಅಪ್‌ಡೇಟ್ ಬಂದಿಳಿಯಿತು. "ನಮ್ಮ ಸರ್ವರ್‌ಗೆ ಭಾರವಾಗುತ್ತಿದೆ. ನನ್ನನ್ನು ತುಣುಕು ಮಾಡಿ ಉಳಿದ ಕಂಪ್ಯೂಟರುಗಳಿಗೆ ನೀನೇ ಹಂಚು" ಎಂದು ಕಂಪ್ಯೂಟರಿಗೆ ಅಪ್ಪಣೆ ಮಾಡಿತು. ಆ ತುಣುಕುಗಳಿಗೆ ಕೇಬಲ್ ದಾರಿ ಬಿಟ್ಟಿತು.

ಕಂಪ್ಯೂಟರಿಗೆ ಮೈ ಉರಿದುಹೋಯಿತು.

"ಒಳಗೇನಿದೆ ಅಂತ ನೀನು ನೋಡುವುದಿಲ್ಲ, ಸರಿ. ಇವತ್ತು ಯಾರ ಮುಖ ನೋಡಿ ದಾರಿ ಬಿಟ್ಟೆ?"