ಬೀಳುವ ಹಲ್ಲು

"ಗುರುಗಳೇ, ಈ ದೇಹ ಹೇಗೂ ಒಂದು ದಿನ ಬಿದ್ದುಹೋಗುವಂಥದ್ದು. ಬೀಳುವುದಕ್ಕೆ ಇಷ್ಟೊಂದು ಆರೈಕೆ ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಬಾವಿಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ಶಿಷ್ಯನಿಗೆಂದು ಮುರಿದಿಟ್ಟ ಕಡ್ಡಿ ಕಟ್ಟೆಯ ಮೇಲೇ ಬಿದ್ದಿತ್ತು. ಗುರುಗಳು ಬಾಯಿ ಮುಕ್ಕಳಿಸಿ ಹೇಳತೊಡಗಿದರು.

ಒಬ್ಬ ದನದ ವ್ಯಾಪಾರಿ ಇದ್ದ. ಬಾಯಿ ತೆರೆಸಿ, ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಹಾಲುಹಲ್ಲಿನ ಕರು ಯಾವುದು, ಎರಡು ಹಲ್ಲು ಹಾಕಿದ ಹೋರಿ ಯಾವುದು, ಹಲ್ಲೆಲ್ಲ ಬಂದು ಬಾಯಿಗೂಡಿದ ಎತ್ತು ಯಾವುದು, ಎಲ್ಲವೂ ಅವನಿಗೆ ಗೊತ್ತು. "ನನ್ನ ಕಣ್ಣಿಗೆ ಬಟ್ಟೆ ಕಟ್ರಯ್ಯ, ಹೆಬ್ಬೆರಳಲ್ಲಿ ಸವರಿ ಹೇಳ್ತೀನಿ" ಎನ್ನುತ್ತಿದ್ದ. ಹಾಗೇ ಹೇಳುತ್ತಲೂ ಇದ್ದ. ಬಡಾಯಿ ಇತ್ತು, ಸುಳ್ಳಿರಲಿಲ್ಲ.

ಬಹಳ ಕಾಲ ಕಾದ ಮೇಲೆ ಅವನಿಗೊಬ್ಬಳು ಮಗಳು ಹುಟ್ಟಿದಳು. ಅವಳೆಂದರೆ ಅವನಿಗೆ ಪ್ರಾಣ. ಸಂತೆಯಿಂದ ಬರುವಾಗಲೆಲ್ಲ ಬೆಲ್ಲ ತರುತ್ತಿದ್ದ. ಒಂದು ಚೂರನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ತೊಟ್ಟಿಲಲ್ಲಿದ್ದ ಮಗುವಿನ ಬಾಯಿಗಿಡುತ್ತಿದ್ದ. ಮಗು ಚೀಪುತ್ತಲೇ ನಿದ್ದೆಹೋಗುತ್ತಿತ್ತು. ತೊಟ್ಟಿಲು ಬಿಟ್ಟ ಮೇಲೂ ಆ ಗಂಟಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಹಲ್ಲುಗಳು ಬಂದವು. ಬಂದವೆಲ್ಲ ಬುಡದಿಂದ ಕಪ್ಪಾದವು.

ಹೆಂಡತಿ ಹೇಳಿದಳು: "ಮಗಳ ಬಾಯೊಳಗೆ ಒಂದ್ಸಲ ನೋಡಿ. ಹಲ್ಲೆಲ್ಲ ಹುಳುಕಾಗೈತೆ. ವೈದ್ಯರಿಗೆ ತೋರಿಸ್ಕೊಂಡು ಬರೋಣ."

ವ್ಯಾಪಾರಿ ನಕ್ಕ. "ಹಲ್ಲಿನ ಇಚಾರ ನನಗೇ ಹೇಳ್ತೀಯೇನೇ? ಅವು ಹಾಲುಹಲ್ಲು, ಬೀಳೋವು. ಕರು ಉದುರಿಸ್ಕೊಂಡು ಗಟ್ಟಿ ಹಲ್ಲು ಹಾಕಲ್ವಾ? ಇವಳೂ ಹಾಕ್ತಾಳೆ ಬಿಡು."

"ಕರುವಿನ ಬಾಯಿಗೆ ಬೆಲ್ಲ ಇಟ್ಟು ಮಲಗಿಸ್ತೀರಾ?" ಎಂದಳು ಹೆಂಡತಿ. ಅವನು ಅಷ್ಟರಲ್ಲಿ ಹಗ್ಗ ಹೆಗಲಿಗೇರಿಸಿ ಸಂತೆಗೆ ಹೊರಟಾಗಿತ್ತು.

ಹುಡುಗಿ ರೊಟ್ಟಿ ಬಿಟ್ಟಳು. ಅನ್ನವನ್ನು ಹಾಲಲ್ಲಿ ಕಿವುಚಿ ಕೊಟ್ಟರೂ ಒಂದೇ ದವಡೆಯಲ್ಲಿ ಮೆಲ್ಲುತ್ತಿದ್ದಳು. "ಉಣ್ಣೋದಕ್ಕೂ ಸೋಮಾರಿತನ" ಎಂದು ಅಪ್ಪ ಗದರುತ್ತಿದ್ದ. ಮೇವು ಬಿಟ್ಟ ಎತ್ತನ್ನು ಕಂಡರೆ ಮೊದಲು ಅದರ ಬಾಯಿ ತೆರೆಸುತ್ತಿದ್ದವನು ಅವನು. ಮಗಳ ಬಾಯಿ ತೆರೆಸಲಿಲ್ಲ.

ಕೊನೆಗೆ ಕೆನ್ನೆ ಊದಿತು, ಜ್ವರ ಏರಿತು. ಆಗ ಎತ್ತಿಕೊಂಡು ಓಡಿದ. ವೈದ್ಯರು ಕೀವು ತೆಗೆದರು. ಮಗುವಿನ ಜೀವ ಉಳಿಯಿತು, ಹಲ್ಲು ಉಳಿಯಲಿಲ್ಲ. ದವಡೆ ಹಲ್ಲುಗಳನ್ನೆಲ್ಲ ಕೀಳಬೇಕಾಯಿತು.

"ಬೀಳೋ ಹಲ್ಲೇ ಅಲ್ವಾ ಸ್ವಾಮಿ?" ಎಂದ ವ್ಯಾಪಾರಿ. ಈ ಸಲ ದನಿಯಲ್ಲಿ ಬಡಾಯಿ ಇರಲಿಲ್ಲ.

"ಹೌದಪ್ಪ. ಆದರೆ ಆಮೇಲೆ ಬರೋ ಹಲ್ಲಿಗೆ ಜಾಗ ಹಿಡ್ಕೊಂಡು ಕೂತಿರೋವು ಇವೇ. ಇನ್ನು ಮುಂದೆ ಬರೋವು ಸಿಕ್ಕಿದ ಕಡೆ ಬರ್ತವೆ" ಎಂದರು ವೈದ್ಯರು.

ಹಾಗೇ ಬಂದವು, ಒಂದರ ಮೇಲೊಂದು ಹತ್ತಿಕೊಂಡು. ಹುಡುಗಿ ಬೆಳೆದಳು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಯಾರಾದರೂ ಚಕ್ಕುಲಿ ಕೊಟ್ಟರೆ ಮೆಲ್ಲಗೆ ಪಕ್ಕದವರ ಕೈಗೆ ದಾಟಿಸುತ್ತಿದ್ದಳು. ವ್ಯಾಪಾರಿ ಅದನ್ನೆಲ್ಲ ನೋಡುತ್ತಿದ್ದ. ಸಂತೆಯಲ್ಲಿ ಎತ್ತಿನ ತುಟಿ ಎತ್ತುವಾಗ ಅವನ ಕೈ ಅರೆಗಳಿಗೆ ತಡೆಯುತ್ತಿತ್ತು.

ಒಂದು ಸಂಜೆ ಮಗಳ ಪಕ್ಕದಲ್ಲಿ ಕೂತು ಕೇಳಿದ: "ಒಂದ್ಸಲ ಬಾಯಿ ತೆಗಿಯವ್ವ, ನೋಡ್ತೀನಿ."

ಮಗಳು ಸೆರಗು ಬಿಡಲಿಲ್ಲ. "ಈಗ್ಯಾಕಪ್ಪ? ನನ್ನ ವಯಸ್ಸು ನಿಂಗೆ ಗೊತ್ತಿಲ್ವಾ?" ಎಂದಳು.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು. ಶಿಷ್ಯ, "ಆದರೂ ಗುರುಗಳೇ, ಅವು ಬೀಳುವ ಹಲ್ಲು ಎಂದು ಅವನು ಹೇಳಿದ್ದು ಸುಳ್ಳೇನಲ್ಲವಲ್ಲ?" ಎಂದ.

ಗುರುಗಳು ಕಟ್ಟೆಯ ಮೇಲಿನ ಕಡ್ಡಿಯನ್ನು ಎತ್ತಿ ಅವನ ಕೈಗಿಟ್ಟರು.

"ಸುಳ್ಳಲ್ಲ, ಆದರೆ ಬೀಳುವ ತನಕ ಆ ಮಗು ಅವುಗಳಲ್ಲೇ ಉಣ್ಣಬೇಕಿತ್ತು."