ಒದಿಲವ್ವ ಒರೆಸಿದ ಗುರುತು

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಗದಿಗೆಯ್ಯ ಅಜ್ಜಾರು ಅಂತ ಒಬ್ಬ ಗುರುಗಳಿದ್ದರು. ವಯಸ್ಸು ಎಂಬತ್ತರ ಹತ್ತಿರ. ಬಾಯಲ್ಲಿ ಹಲ್ಲು ಕಡಿಮೆ, ತಮಾಷೆ ಜಾಸ್ತಿ.

ಅವರ ಶಿಷ್ಯೆ ಒದಿಲ್ ಫ್ರಾನ್ಸಿನವಳು. ಚಿಕ್ಕಂದಿನಲ್ಲೇ ಟೆನಿಸ್ ರಾಕೆಟ್ ಹಿಡಿದು ದೇಶ ದೇಶ ಸುತ್ತಿದವಳು. ಮೊಣಕಾಲು ಸವೆದ ಮೇಲೆ ಆಟ ಬಿಟ್ಟು, ಎಲ್ಲೆಲ್ಲೋ ಅಲೆದು, ಕೊನೆಗೆ ಇಲ್ಲಿ ಬಂದು ಸೇರಿದ್ದಳು. ಮಠದ ಹೆಂಗಸರು ಅವಳ ಹೆಸರಿಗೊಂದು ಅವ್ವ ಸೇರಿಸಿ ಒದಿಲವ್ವ ಮಾಡಿದ್ದರು.

ರೊಟ್ಟಿ ಬಡಿಯಲು ಕಲಿತಳು, ಕನ್ನಡ ಕಲಿತಳು. ಮನಸ್ಸು ಮಾತ್ರ ಹಳೆಯ ಒಂದು ಪಂದ್ಯದಲ್ಲೇ ಸಿಕ್ಕಿಕೊಂಡಿತ್ತು.

ಒಂದು ಬೆಳಿಗ್ಗೆ ಅವಳು ಚೀಲ ಹೆಗಲಿಗೇರಿಸಿ ಅಜ್ಜಾರ ಮುಂದೆ ನಿಂತಳು.

“ಎಲ್ಲಿಗವ್ವ ಸವಾರಿ?”

“ಊರಿಗೆ ಹೊಂಟೀನ್ರಿ ಅಜ್ಜಾರ. ಬಂದಾಗಿಂದ ಒಂದ ಪ್ರಶ್ನಿ ಕೇಳಾಕತ್ತೀನಿ. ನೀವು ಒಮ್ಮೆ ಕಸಾ ಹೊಡಿ ಅಂತೀರಿ, ಒಮ್ಮೆ ರೊಟ್ಟಿ ಬಡಿ ಅಂತೀರಿ. ಉತ್ತರ ಮಾತ್ರ ಕೊಡೂದಿಲ್ಲ.”

ಅಜ್ಜಾರ ಮುಖ ಸಣ್ಣದಾಯಿತು.

“ಅದೇನು ಪ್ರಶ್ನಿ, ಇನ್ನೊಮ್ಮೆ ಹೇಳು. ವಯಸ್ಸಾತು, ಮರತೀನಿ.”

ಮರೆತಿರಲಿಲ್ಲ. ಅದು ಅವಳಿಗೂ ಗೊತ್ತು. ಆದರೂ ಹೇಳಿದಳು.

ಅವಳ ದೇಶದ ದೊಡ್ಡ ಪಂದ್ಯಾವಳಿಯ ಫೈನಲ್. ಕೆಂಪು ಮಣ್ಣಿನ ಅಂಕಣ. ಇನ್ನೊಂದೇ ಪಾಯಿಂಟ್ ಸಿಕ್ಕರೆ ಕಪ್ ಅವಳದು. ಎದುರಾಳಿ ಹೊಡೆದ ಚೆಂಡು ಗೆರೆಯ ಹತ್ತಿರ ಬಿತ್ತು. ಗೆರೆಯ ಬಳಿ ನಿಂತ ತೀರ್ಪುಗಾರ ಔಟ್ ಎಂದ. ಇಡೀ ಸ್ಟೇಡಿಯಂ ಎದ್ದು ಕುಣಿಯಿತು.

ಮಣ್ಣಿನ ಅಂಕಣದಲ್ಲಿ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಆ ಗುರುತು ಗೆರೆಗೆ ತಾಗಿದ್ದರೆ ಚೆಂಡು ಒಳಗೆ ಬಿದ್ದ ಲೆಕ್ಕ. ಒದಿಲ್ ಹೋಗಿ ನೋಡಿದಳು. ತಾಗಿತ್ತು.

ಆಟಗಾರರಲ್ಲಿ ಒಂದು ಪದ್ಧತಿ ಇದೆ. ಎದುರಾಳಿಯ ಚೆಂಡು ಒಳಗೇ ಬಿದ್ದಿದೆ ಎಂದು ಒಪ್ಪಿಕೊಂಡವರು ಅಂಪೈರನ್ನು ಕಾಯದೆ ಆ ಗುರುತನ್ನು ತಮ್ಮ ಕಾಲಿನಿಂದಲೇ ಒರೆಸಿಬಿಡುತ್ತಾರೆ. ಒದಿಲ್ ಒರೆಸಿದಳು. ಪಾಯಿಂಟ್ ಎದುರಾಳಿಯ ಪಾಲಾಯಿತು, ಆಮೇಲೆ ಕಪ್ಪೂ.

ಆ ಸಂಜೆ ಟಿವಿಯವರು ಅದನ್ನೇ ನಿಧಾನವಾಗಿ ತೋರಿಸಿದರು. ಚೆಂಡು ಹೊರಗೇ ಬಿದ್ದಿತ್ತು. ಅವಳು ಒರೆಸಿದ್ದು ಅದಕ್ಕೂ ಮೊದಲು ಬಿದ್ದ ಯಾವುದೋ ಚೆಂಡಿನ ಗುರುತು!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಟ ಕಲಿಸಿದ ಅಪ್ಪ ಮಾತು ಬಿಟ್ಟ. ಆಮೇಲೂ ಅವಳು ಎಷ್ಟೋ ವರ್ಷ ಆಡಿದಳು, ಸಣ್ಣಪುಟ್ಟ ಕಪ್ ಗೆದ್ದಳು. ಹೋದಲ್ಲೆಲ್ಲ ಜನ ಕೇಳಿದ್ದು ಮಾತ್ರ ಆ ಗುರುತಿನ ಸುದ್ದಿ.

“ಆವತ್ತ ನಾ ಮಾಡಿದ್ದು ಸರಿನೋ, ಹುಚ್ಚತನಾನೋ? ಇಷ್ಟ ಹೇಳ್ರಿ.”

“ಹೇಳತೀನಿ. ಆದ್ರ ಪುಕ್ಕಟ ಅಲ್ಲ. ನನ್ನ ಜೋಡಿ ಆಡು. ಒಂದ ಪಾಯಿಂಟು. ನೀ ಗೆದ್ದರ ಉತ್ತರ. ನಾ ಗೆದ್ದರ ಆ ಪ್ರಶ್ನಿ ಮತ್ತೆಂದೂ ಕೇಳಬಾರದು, ಚೀಲಾ ಒಳಗಿಡಬೇಕು.”

“ನಿಮ್ಮ ಜೋಡಿ? ಟೆನಿಸ್?”

“ಯಾಕ, ಅಂಜಿಕಿ ಆಗತೈತೇನು?”

ಹೊಳೆಯ ದಂಡೆಯ ಧೂಳು ಹೊದ್ದ ಗಟ್ಟಿ ಮಣ್ಣೇ ಅಂಕಣವಾಯಿತು. ಒಣಹಾಕಿದ್ದ ಅಜ್ಜಾರ ಕಾವಿ ಧೋತರವೇ ನಡುವಿನ ಬಲೆ. ಕೋಲಿನಿಂದ ಗೆರೆ ಎಳೆದರು. ಇಬ್ಬರ ಕೈಗೂ ಒಂದೊಂದು ಹಲಗೆ ತುಂಡು, ನಡುವೆ ಯಾರೋ ಬಿಟ್ಟುಹೋದ ರಬ್ಬರ್ ಚೆಂಡು.

“ಮೊದಲು ಕೈ ಕುದುರಲಿ,” ಎಂದು ಅಜ್ಜಾರು ಮನಸೋ ಇಚ್ಛೆ ಬಾರಿಸಿದರು. ನೆಲದ ತುಂಬ ಚೆಂಡಿನ ಗುರುತು. ಕಡೆಯ ಏಟಿಗೆ ಚೆಂಡು ಹೊಳೆಗೇ ಬಿತ್ತು. ಒದಿಲ್ ಸೀರೆ ಎತ್ತಿಕಟ್ಟಿ ನೀರಿಗಿಳಿದು ತಂದಳು.

“ಈಗ ಖರೇ ಆಟ,” ಎಂದರು ಅಜ್ಜಾರು.

ಅವಳು ಮುದುಕರೆಂದು ಮೆಲ್ಲಗೆ ಹೊಡೆದಳು. ಅವರು ಎರಡೂ ಕೈಯಲ್ಲಿ ಹಲಗೆ ಹಿಡಿದು ಬೀಸಿಯೇ ಬೀಸಿದರು. ಚೆಂಡು ಧೋತರ ದಾಟಿ ಗೆರೆಯ ಹತ್ತಿರ ಬಿತ್ತು. ಅವಳ ಮೊಣಕಾಲು ಅಲ್ಲಿಯತನಕ ಓಡಲಿಲ್ಲ.

“ಹೊರಗ!” ಎಂದು ಅಜ್ಜಾರೇ ಕೂಗಿದರು. “ಗೆದ್ದಿ ತಂಗಿ. ಕೇಳು.”

ಅಜ್ಜಾರ ಕಣ್ಣಿಗೆ ಪೊರೆ ಬಂದಿತ್ತು. ಅಷ್ಟು ದೂರದ್ದು ಅವರಿಗೇನೂ ಕಾಣುತ್ತಿರಲಿಲ್ಲ. ಪ್ರೀತಿಗೆ ಕೂಗಿದ್ದರು ಅಷ್ಟೆ. ಒದಿಲ್‌ಗೆ ಅದು ತಿಳಿಯಿತು.

ಅವಳು ಗೆರೆಯತ್ತ ನಡೆದಳು. ಬಗ್ಗಿ ನೋಡಿದಳು. ಗುರುತು ಗೆರೆಗೆ ತಾಗಿತ್ತು.

ಸುಮ್ಮನಿದ್ದರೆ ಸಾಕಿತ್ತು. ಅಷ್ಟು ವರ್ಷ ಸುಟ್ಟ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು. ಅವಳು ಬರಿಗಾಲಿನಿಂದ ಗುರುತು ಒರೆಸಿದಳು.

“ಒಳಗ ಬಿದ್ದೈತ್ರಿ ಅಜ್ಜಾರ. ನೀವ ಗೆದ್ರಿ.”

ಅಜ್ಜಾರು ಹಲಗೆ ಊರಿಕೊಂಡು ಬಂದರು. ಕುಕ್ಕರಗಾಲಲ್ಲಿ ಕುಳಿತು ಬೆರಳಿನಿಂದ ನೆಲ ತಡವಿದರು. ಗೆರೆಯಿಂದ ಗೇಣು ಹೊರಗೆ ಅವರ ಬೆರಳು ನಿಂತಿತು.

“ಹೊಳಿ ನೀರು ಕುಡದ ಚೆಂಡು ಇಲ್ಲಿ ಬಿದ್ದೈತಲ್ಲವ್ವ. ಇನ್ನೂ ಹಸಿ ಐತಿ.”

ಒದಿಲ್ ನೋಡಿದಳು. ಅಲ್ಲೊಂದು ಒದ್ದೆ ಗುರುತು. ಅವಳು ಒರೆಸಿದ್ದು ಅಜ್ಜಾರು ಕೈ ಕುದುರಿಸುವಾಗ ಬಿದ್ದ ಒಣ ಗುರುತು.

ಅವಳು ತನ್ನ ಕಾಲನ್ನೊಮ್ಮೆ, ಆ ಒದ್ದೆ ಗುರುತನ್ನೊಮ್ಮೆ ನೋಡಿದಳು. ಆಮೇಲೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅಜ್ಜಾರೂ ಬೊಚ್ಚುಬಾಯಿ ಬಿಟ್ಟು ನಕ್ಕರು.

“ಅಂದ್ರ ಗೆದ್ದಾಕಿ ನೀನ. ಮಾತು ಅಂದ್ರ ಮಾತು. ಕೇಳು.”

ಒದಿಲ್ ಸೆರಗಿನಿಂದ ಮುಖ ಒರೆಸಿಕೊಂಡಳು.

“ಆವತ್ತ ನಾ ಗೆಲ್ಲಬೇಕಾಗಿತ್ತಲ್ರಿ ಅಜ್ಜಾರ?”

ಅಜ್ಜಾರು ಮಣ್ಣುಗೈಯನ್ನೇ ಅವಳ ತಲೆಯ ಮೇಲಿಟ್ಟರು.

“ನೀ ಆವತ್ತೂ ಒರಸಿದಿ, ಇವತ್ತೂ ಒರಸಿದಿ. ಆವತ್ತ ಗೆಲ್ಲಬೇಕಾಗಿದ್ದಾಕಿ ಬ್ಯಾರೆ ಯಾರೋ ಇರಬೇಕು ತಂಗಿ. ಆಕಿ ನಮ್ಮ ಮಠಕ್ಕ ಇನ್ನೂ ಬಂದಿಲ್ಲ.”